ನಮ್ಮ ಪಾಲಿಗೆ ಬಂದ ಒಂದನೇ ಸೀಡಿ

ಅಪ್ಪನ ಬೆನ್ನಿಗೆ ಮುಖ ಒತ್ತಿಕೊಂಡು ಮೊಪೆಡ್ ಮೇಲೆ ಯಳಂದೂರಿಗೆ ಹೋಗಿ ಬಾಳೆ ಎಲೆ ತಂದದ್ದು ನಿಜವಾಗಿ ನಡೆದದ್ದೋ, ನಾನೇ ಕಟ್ಟಿಕೊಂಡದ್ದೋ ಎಂದು ಕೇಳಿಕೊಂಡವನಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ನಿಜವೆಂದೇ ಇಟ್ಟುಕೊಂಡಿದ್ದೆ. ಅಜ್ಜಿ ತೀರಿಕೊಂಡ ಹನ್ನೊಂದನೆಯ ದಿನ, ಶಿವಗಣಾರಾಧನೆಗೆ ಮನೆ ತುಂಬ ಜನ. ಊಟಕ್ಕೆ ಎಲೆ ಸಾಲದೆ ಬಂತು. ಅಪ್ಪ ಗಾಡಿ ತೆಗೆದರು, ನನ್ನನ್ನೂ ಹಿಂದೆ ಕೂರಿಸಿಕೊಂಡರು. ಸುವರ್ಣಾವತಿ ಸೇತುವೆಯ ಮೇಲೆ ಗಾಳಿ ಬೀಸಿತು. ಬರುವಾಗ ಗಾಡಿಯ ಮುಂದೆ, ಕಾಲಿಡುವ ಜಾಗದಲ್ಲಿ, ಎಲೆಯ ಕಟ್ಟು ನಿಂತಿತ್ತು; ಅದರ ಹಸಿ ವಾಸನೆ ಹಿಂದಕ್ಕೆ ಬರುತ್ತಿತ್ತು. ಇಷ್ಟೇ. ನನಗಾಗ ಐದು ತುಂಬಿರಲಿಲ್ಲ.

ಅಪ್ಪ ರೇಷ್ಮೆ ಗೂಡಿನ ವ್ಯಾಪಾರ ಮಾಡುತ್ತಿದ್ದರು. ನಾವು ಏಳುವ ಮೊದಲೇ ಮಾರುಕಟ್ಟೆಗೆ ಹೋಗಿರುತ್ತಿದ್ದರು. ಮನೆಯಲ್ಲಿದ್ದಾಗ ಯಾರಾದರೂ ಜೊತೆಗೆ ಇದ್ದೇ ಇರುತ್ತಿದ್ದರು. ನಾನು ಏಳನೇ ತರಗತಿಯಲ್ಲಿದ್ದಾಗ ತೀರಿಹೋದರು. ಅವರ ಬಗ್ಗೆ ನನ್ನಲ್ಲಿರುವ ಉಳಿದ ನೆನಪುಗಳಲ್ಲೆಲ್ಲ ಜನ ತುಂಬಿದ್ದಾರೆ. ಈ ಎಲೆ ತರುವ ಪ್ರಯಾಣದಲ್ಲಿ ಮಾತ್ರ ಅವರು ಮತ್ತು ನಾನು, ಇಬ್ಬರೇ.

ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿ ಬಂದು ಈಗ ಕೊಳ್ಳೇಗಾಲದಲ್ಲಿ ಅದನ್ನೇ ಪಾಠ ಮಾಡುತ್ತೇನೆ. ನೆನಪು ಪೆಟ್ಟಿಗೆಯಲ್ಲಿಟ್ಟ ಬಟ್ಟೆಯಲ್ಲ, ಪ್ರತಿ ಸಲ ತೆಗೆದಾಗಲೂ ಅದನ್ನು ಹೊಸದಾಗಿ ಹೊಲಿಯುತ್ತೇವೆ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ತಾವು ಕಂಡದ್ದು ಯಾವುದು, ಯಾರೋ ಹೇಳಿ ಕೇಳಿದ್ದು ಯಾವುದು ಎಂದು ಬೇರೆ ಮಾಡಿ ಬರೆದು ತನ್ನಿ ಎನ್ನುತ್ತೇನೆ. ಹೇಳುವಾಗ ಬಾಳೆ ಎಲೆಯ ಕಟ್ಟನ್ನು ಮಾತ್ರ ಆ ಪರೀಕ್ಷೆಯಿಂದ ಹೊರಗಿಟ್ಟಿದ್ದೆ. ಸೀಡಿಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸಕ್ಕೆ ಕೂರದೇ ಇದ್ದಿದ್ದರೆ ಅದು ಹೊರಗೇ ಉಳಿಯುತ್ತಿತ್ತು.

ಮನೆಯಲ್ಲಿದ್ದ ಪ್ಲೇಯರು ಕೆಟ್ಟು ಎಷ್ಟೋ ಕಾಲವಾಗಿತ್ತು. ಸೀಡಿಗಳು ಮಾತ್ರ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಇದ್ದವು: ಮದುವೆ, ನಾಮಕರಣ, ಗೃಹಪ್ರವೇಶ, ನಮ್ಮವು ಸ್ವಲ್ಪ, ಬಂಧುಗಳವು ಹೆಚ್ಚು. ನಮ್ಮ ಕಡೆ ಆಗ ಸೀಡಿಗಳು ಮನೆಯಿಂದ ಮನೆಗೆ ಓಡಾಡುತ್ತಿದ್ದವು. ನೋಡಿ ಕೊಡುತ್ತೇವೆಂದು ಒಯ್ದವರು ಯಾವುದೋ ಕವರಿನಲ್ಲಿ ಯಾವುದನ್ನೋ ಹಾಕಿ ಕೊಡುತ್ತಿದ್ದರು. ಒಂದು ಮದುವೆಯ ಕವರ್ ತೆರೆದರೆ ಬೇರೆಯವರ ಮನೆಯ ಮದುವಣಗಿತ್ತಿ ಇರುತ್ತಿದ್ದಳು. ಹೊಸ ಕಂಪ್ಯೂಟರಿಗೆ ಸೀಡಿ ಹಾಕುವ ಜಾಗವೇ ಇಲ್ಲದ್ದರಿಂದ ಪಕ್ಕಕ್ಕೆ ಜೋಡಿಸುವ ಡ್ರೈವ್ ಒಂದನ್ನು, ಜೊತೆಗೆ ಒಂದು ಹಾರ್ಡ್ ಡಿಸ್ಕನ್ನು ತಂದೆ. ನನ್ನ ಉದ್ದೇಶ ಬರೀ ಅಚ್ಚುಕಟ್ಟು. ಕೆಟ್ಟುಹೋಗುವ ಮೊದಲು ಒಂದು ಕಡೆ ಸೇರಿಸಿಟ್ಟರೆ ಆಯಿತು ಎಂದುಕೊಂಡಿದ್ದೆ.

ಅವ್ವನ ಉದ್ದೇಶ ಬೇರೆ ಇತ್ತು. ನಾನು ಡಬ್ಬ ತೆರೆದು ಕೂತಾಗ ಅವಳು ಬಾಗಿಲಲ್ಲಿ ನಿಂತು ಕೇಳಿದಳು.

"ಅವ್ರ ದನಿ ಯಾವ್ದ್ರಲ್ಲಾರ ಅದಾ, ವಸಿ ನೋಡ್ಲಾ ಮಗ. ಮಕ ಕಣ್ಮುಂದ್ಲೇ ಅದೆ. ದನಿ ಮರ್ತೋಯ್ತಾ ಅದೆ ನಂಗೆ."

ಇದ್ದೇ ಇರುತ್ತದೆ ಎಂದೆ. ಅಷ್ಟು ಸೀಡಿಗಳಲ್ಲಿ ಅಪ್ಪ ಎಲ್ಲಾದರೂ ಒಂದು ಮಾತು ಆಡದೆ ಇರುತ್ತಾರೆಯೇ.

ಮಧ್ಯಾಹ್ನಗಳಲ್ಲಿ, ಕಾಲೇಜಿನಿಂದ ಬಂದ ಮೇಲೆ, ಈ ಕೆಲಸ. ಪ್ರತಿ ಸೀಡಿಯನ್ನೂ ನೀರಿನಲ್ಲಿ ತೊಳೆದು, ಹಳೆಯ ಪಂಚೆಯ ತುಂಡಿನಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಬೇಕು. ಸುತ್ತ ತಿರುಗಿಸಿ ಒರೆಸಿದರೆ ಗೀರು ಬೀಳುತ್ತದೆ. ಹಾಕಿದ ಕೂಡಲೇ ಡ್ರೈವ್ ಕಾಫಿ ಬೀಜ ಪುಡಿ ಮಾಡುವ ಮಿಷಿನ್ನಿನ ಹಾಗೆ ಸದ್ದು ಮಾಡುತ್ತದೆ. ಪರದೆಯ ಮೇಲೆ ಹಸಿರು ಪಟ್ಟಿ ತೆವಳುತ್ತದೆ. ನನಗೆ ಅದರ ಮುಂದೆ ಕೂರಲು ಆಗದು. ಏಳುತ್ತಿದ್ದೆ, ತಾರಸಿಗೆ ಹೋಗುತ್ತಿದ್ದೆ, ಪಟ್ಟಿ ಎಲ್ಲಿಗೆ ಬಂತೆಂದು ನೋಡಲು ಮತ್ತೆ ಇಳಿಯುತ್ತಿದ್ದೆ. ಅದು ಅಲ್ಲೇ ಇರುತ್ತಿತ್ತು. ಪುಸ್ತಕ ಹಿಡಿದರೆ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೆ. ಇಳಿದ ಮೇಲೂ ಸಮಾಧಾನವಿಲ್ಲ. ಸರಿಯಾಗಿ ಇಳಿದಿದೆಯೋ ಎಂದು ಓಡಿಸಿ ನೋಡಬೇಕು, ಇನ್ನೊಂದು ಕಡೆಗೂ ಒಂದು ಪ್ರತಿ ಮಾಡಬೇಕು.

ನೋಡುತ್ತಾ ಹೋದಂತೆ ಒಂದು ವಿಷಯ ತಿಳಿಯಿತು. ಆ ಕಾಲದ ನಮ್ಮ ಕಡೆಯ ವಿಡಿಯೋದವರು ನಿಜವಾದ ಸದ್ದನ್ನು ಉಳಿಸುತ್ತಿರಲಿಲ್ಲ. ಮಿಕ್ಸಿಂಗ್ ಎಂದು ಹೇಳಿ ಅದನ್ನು ಪೂರಾ ತೆಗೆದು, ಮೊದಲಿನಿಂದ ಕೊನೆಯವರೆಗೆ ಸಿನಿಮಾ ಹಾಡು ಹಾಕುತ್ತಿದ್ದರು. ಧಾರೆ ಎರೆಯುವಾಗ ಒಂದು ಹಾಡು, ಊಟದ ಮನೆಗೆ ಒಂದು ಹಾಡು, ಹೆಣ್ಣು ಒಪ್ಪಿಸುವಾಗ ಅಳಿಸುವ ಹಾಡು. ಗಂಡು ಹೆಣ್ಣು ತಾವರೆಯೊಳಗಿಂದ ಮೇಲೆ ಬರುತ್ತಾರೆ, ಗುಲಾಬಿಯ ದಳಗಳು ಉದುರುತ್ತವೆ, ಯಾರ ಮಾತೂ ಕೇಳಿಸುವುದಿಲ್ಲ. ಅಪ್ಪ ಅಲ್ಲಲ್ಲಿ ಬರುತ್ತಾರೆ. ಯಾರನ್ನೋ ಕರೆಯುತ್ತಾರೆ, ಯಾರಿಗೋ ಏನೋ ಹೇಳಿ ನಗುತ್ತಾರೆ. ಅವರು ಬಾಯಿ ತೆರೆದರೆ ಒಬ್ಬ ಗಾಯಕಿಯ ದನಿ ಬರುತ್ತದೆ.

ಅವ್ವ ಮೊದಮೊದಲು ಪ್ರತಿ ಸೀಡಿಗೂ ಬಂದು ನಿಂತಳು. ಆಮೇಲೆ ಅಡುಗೆಮನೆಯಿಂದಲೇ ಕೇಳಿದಳು. ಆಮೇಲೆ ಕೇಳುವುದನ್ನೂ ಬಿಟ್ಟಳು.

ಡಬ್ಬದ ತಳದಲ್ಲಿ ಕವರಿಲ್ಲದ ಒಂದು ಸೀಡಿ ಇತ್ತು. ಮೇಲೆ ಸ್ಕೆಚ್ ಪೆನ್ನಿನಲ್ಲಿ ಅಜ್ಜಿಯ ಹೆಸರು, ಕೆಳಗೆ ಎರಡರಲ್ಲಿ ಒಂದು ಎಂಬ ಗುರುತು. ಶಿವಗಣಾರಾಧನೆಯದು. ನಮ್ಮಲ್ಲಿ ತುಂಬಿದ ವಯಸ್ಸಿನವರು ಹೋದರೆ ಆ ದಿನ ಬಂದ ಬಂಧುಬಳಗವನ್ನೆಲ್ಲ ವಿಡಿಯೋದಲ್ಲಿ ಹಿಡಿಸುವುದುಂಟು. ಆದರೆ ಸಾವಿನ ಮನೆಗೆ ಯಾರೂ ಸಿನಿಮಾ ಹಾಡು ಹಾಕುವುದಿಲ್ಲ. ವಿಡಿಯೋದವನಿಗೆ ಮಿಕ್ಸಿಂಗ್ ಮಾಡಲು ಏನೂ ಇರಲಿಲ್ಲ. ಹಿಡಿದದ್ದನ್ನು ಹಿಡಿದ ಹಾಗೆಯೇ ಕೊಟ್ಟಿದ್ದ.

ಹಾಗಾಗಿ ಅದರಲ್ಲಿ ಪಾತ್ರೆಗಳ ಸದ್ದಿತ್ತು, ಕಾಗೆಗಳಿದ್ದವು, ಯಾವುದೋ ಮಗುವಿನ ಅಳು ಇತ್ತು. ಜಂಗಮ ಅಯ್ಯನವರ ಪಾದಪೂಜೆ ಆಯಿತು, ಅಯ್ಯನವರ ಪಂಕ್ತಿ ಎದ್ದಿತು, ಎರಡನೇ ಪಂಕ್ತಿಗೆ ಜನ ಬಂದು ಕೂತರು. ಅವರ ಮುಂದೆ ಎಲೆ ಇಲ್ಲ. ಕ್ಯಾಮೆರಾ ಸಾಲಿನ ಮುಖಗಳ ಮೇಲೆ ಸರಿಯುತ್ತಿದೆ. ಇಬ್ಬರು ಮೂವರು ಏಳಲು ನೋಡುತ್ತಾರೆ. ಆಗ ಕ್ಯಾಮೆರಾದ ಹಿಂದಿನಿಂದ ಒಂದು ಗಂಡು ದನಿ, ಒಂದು ಸಣ್ಣ ಕೆಮ್ಮು ಕೆಮ್ಮಿ, ಹೇಳುತ್ತದೆ:

"ಏಳ್ಬ್ಯಾಡಿ, ಏಳ್ಬ್ಯಾಡಿ. ಯಳಂದೂರಿಂದ ಎಲೆ ಬತ್ತಾ ಅವೆ. ಕೂತ್ಕಂಡು ವಸಿ ಮಾತಾಡ್ತಿರಿ. ಅಷ್ಟೊತ್ಗೆ ಸಾರೂ ಕುದ್ದು ಗಟ್ಟಿ ಆಯ್ತದೆ, ನಿಮ್ಗೇ ಲಾಭ."

ಸಾಲಿನಲ್ಲಿ ಕೂತವರು ನಗುತ್ತಾರೆ. ಏಳಲು ಹೊರಟವರು ಮತ್ತೆ ಕೂರುತ್ತಾರೆ.

ನಾನು ಕರೆಯುವ ಮೊದಲೇ ಅವ್ವ ಬಂದಿದ್ದಳು. ಕೈಯೆಲ್ಲ ರಾಗಿ ಹಿಟ್ಟು. ಇನ್ನೊಂದು ಸಲ ಹಾಕು ಎಂದಳು. ಹಾಕಿದೆ. ಮತ್ತೊಂದು ಸಲ. ಅವಳು ನಗುತ್ತಿದ್ದಳು.

"ಅವತ್ತು ಸಾರು ನೀರಾಗಿತ್ತು. ನಾನೇ ಮಾಡಿದ್ದು. ಅಷ್ಟು ಜನದ ಮುಂದ ನಂಗೇ ಚುಚ್ಚವ್ರೆ ನೋಡು."

ಆ ತುಣುಕನ್ನು ಕತ್ತರಿಸಿ ಅವಳ ಫೋನಿಗೆ ಹಾಕಿಕೊಟ್ಟೆ. ಅವರೆಕಾಯಿ ಬಿಡಿಸುವಾಗ, ಸೊಪ್ಪು ಸೋಸುವಾಗ ಅದನ್ನು ಪಕ್ಕದಲ್ಲಿ ಇಟ್ಟುಕೊಂಡು ಕೇಳುತ್ತಿದ್ದಳು. ಸಾರಿನ ಮಾತು ಬಂದಾಗ ಪ್ರತಿ ಸಲವೂ ಏನೋ ಒಂದು ಉತ್ತರ ಕೊಡುತ್ತಿದ್ದಳು. ಒಲೆ ಹೊಗೆಯಾಡುತ್ತಿತ್ತು ಎನ್ನುತ್ತಿದ್ದಳು, ಬೇಳೆ ಬೇಯಲಿಲ್ಲ ಎನ್ನುತ್ತಿದ್ದಳು. ಅದು ನನಗೂ ಹಿತವಾಗಿ ಕೇಳುತ್ತಿತ್ತು, ಒಂದು ಮಧ್ಯಾಹ್ನದವರೆಗೆ.

ಆ ಮಧ್ಯಾಹ್ನ ಪಕ್ಕದ ಕೋಣೆಯಿಂದ ಅದನ್ನು ಕೇಳುತ್ತಿದ್ದಾಗ, ಸಾರಿನ ಮಾತಿಗಿಂತ ಮೊದಲು ಬರುವ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಯಳಂದೂರಿನಿಂದ ಎಲೆ ಬರುತ್ತಾ ಇವೆ. ಆ ಎಲೆಗಳು ಬರುತ್ತಿರುವುದು ನನ್ನ ಜೊತೆ. ಅವನ್ನು ತರುತ್ತಿರುವುದು ಅಪ್ಪ. ಹಾಗಾದರೆ ಆ ಹೊತ್ತಿನಲ್ಲಿ ಅಪ್ಪ ಪಂಕ್ತಿಯ ಮುಂದೆ ನಿಂತು ಮಾತನಾಡಲು ಹೇಗೆ ಸಾಧ್ಯ?

ಅಪ್ಪನಿಗೆ ಒಬ್ಬ ತಮ್ಮ ಇದ್ದಾರೆ, ನನ್ನ ಚಿಕ್ಕಪ್ಪ. ಇಬ್ಬರ ದನಿಯೂ ಒಂದೇ ತರಹ ಎಂದು ಎಲ್ಲರೂ ಹೇಳುತ್ತಿದ್ದರು. ಮಾತಿಗೆ ಮೊದಲು ಕೆಮ್ಮುವ ಅಭ್ಯಾಸವೂ ಇಬ್ಬರಿಗೂ ಇತ್ತು. ದನಿ ಅಪ್ಪನದಾದರೆ ಗಾಡಿಯಲ್ಲಿದ್ದವರು ಅಪ್ಪ ಅಲ್ಲ. ಗಾಡಿಯಲ್ಲಿದ್ದವರು ಅಪ್ಪನಾದರೆ ಅವ್ವ ದಿನವೂ ಉತ್ತರ ಕೊಡುತ್ತಿರುವುದು ಮೈದುನನ ಮಾತಿಗೆ. ಎರಡೂ ಉಳಿಯುವಂತಿಲ್ಲ.

ಸುಮ್ಮನಿರಬಹುದಿತ್ತು. ನನಗೆ ಸುಮ್ಮನಿರುವುದು ಬರುವುದಿಲ್ಲ. ಎರಡು ದಿನ ಮನೆಯಲ್ಲಿ ಸುತ್ತಾಡಿ, ಮೂರನೆಯ ದಿನ ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ.

"ಅವ್ವ, ಅಷ್ಟೊತ್ತಲ್ಲಿ ಅಪ್ಪ ಮನೇಲಿ ಇರ್ಲಿಲ್ಲ ಅನ್ಸುತ್ತೆ. ಎಲೆ ತರಕ್ಕೆ ಹೋಗಿದ್ರು. ನನ್ನೂ ಕರ್ಕೊಂಡು."

"ಯಾರೇಳಿದ್ರು?"

"ಯಾರೂ ಹೇಳಿಲ್ಲ. ನಂಗೆ ನೆನಪದೆ."

"ಕೆಲ್ಸಕ್ಕೆ ಕೂತ ಹಿರೀಮಗ ಎಲೆ ತರಕ್ಕೆ ಓಯ್ತಾನಾ? ಅಯ್ನೋರು ಉಂಡು ಏಳಗಂಟ ಹೊಸ್ಲು ದಾಟಂಗಿಲ್ಲ ನಮ್ಮನೇಲಿ."

ಅದು ನನಗೂ ಗೊತ್ತಿತ್ತು. ಆದರೆ ಸೀಡಿಯನ್ನು ಅಷ್ಟು ಸಲ ನೋಡಿದ್ದೆನಲ್ಲ. ಎಲೆ ಸಾಲದೆ ಬಂದದ್ದು ಅಯ್ಯನವರ ಪಂಕ್ತಿ ಎದ್ದ ಮೇಲೆ ಎಂದೆ. ಆ ಹೊತ್ತಿಗೆ ಅಪ್ಪ ಹೊಸಿಲು ದಾಟಲು ಅಡ್ಡಿ ಇರಲಿಲ್ಲ ಎಂದೆ. ತರಗತಿಯಲ್ಲಿ ಹೇಳುವ ಹಾಗೆ, ಮೊದಲು ಇದು, ಆಮೇಲೆ ಇದು, ಆದ್ದರಿಂದ ಇದು ಎಂದು ಹೇಳಿ ಮುಗಿಸಿದೆ.

ಅವ್ವ ತಟ್ಟೆಯಲ್ಲಿದ್ದ ಮುದ್ದೆಯನ್ನು ಬೆರಳಿನಿಂದ ಒತ್ತಿದಳು.

"ನಾನು ಇತ್ಲಲ್ಲಿ ಒಲೆ ಮುಂದ ಇದ್ದಿ. ಯಾರೋದ್ರೋ, ಯಾರಿದ್ರೋ, ನಾನೇನ್ ಕಂಡೆ," ಎಂದಳು. ಆಮೇಲೆ, "ನಿಮ್ಮ ಚಿಕ್ಕಪ್ಪಂದೂ ಅಂಗೇಯ ದನಿ," ಎಂದು ತಾನೇ ಹೇಳಿದಳು.

ಅಂದಿನಿಂದ ಅವಳ ಫೋನಿನಿಂದ ಆ ದನಿ ಬರಲಿಲ್ಲ. ಸೊಪ್ಪು ಸೋಸುವಾಗ ಫೋನನ್ನು ಒಳಗೇ ಬಿಟ್ಟು ಬರುತ್ತಿದ್ದಳು.

ಹಾರ್ಡ್ ಡಿಸ್ಕಿನ ಕೆಲಸ ನಿಂತಿತು. ಉಳಿದ ಸೀಡಿಗಳು ತೊಳೆದಿಟ್ಟ ಹಾಗೆಯೇ ಮೇಜಿನ ಮೇಲೆ ಒಣಗಿದವು. ಎರಡರಲ್ಲಿ ಒಂದು ಎಂದರೆ ಇನ್ನೊಂದು ಇರಬೇಕು. ಮೊದಲನೆಯದು ಎಲೆ ಕಾಯುತ್ತಾ ಕೂತ ಪಂಕ್ತಿಯಲ್ಲೇ ಮುಗಿಯುತ್ತದೆ. ಎರಡನೆಯದು ಎಲೆ ಬರುವುದರಿಂದಲೇ ಶುರುವಾಗಬೇಕು. ಎಲೆ ತಂದವರು ಯಾರೆಂದು ಅದರಲ್ಲಿ ಕಾಣಲೇಬೇಕು. ಡಬ್ಬವನ್ನು ಬುಡಮೇಲು ಮಾಡಿದೆ, ಬೀರುವಿನ ಮೇಲೆ, ಅಟ್ಟದ ಮೇಲೆ ಹುಡುಕಿದೆ. ಕೊನೆಗೆ ಅವ್ವನೇ ಹೇಳಿದಳು, ಅದು ಇಲ್ಲಿ ಸಿಗುವುದಿಲ್ಲ, ಪಾಲಿಗೆ ಹೋಯಿತು ಎಂದು.

ನನಗೆ ಅರ್ಥವಾಗಲಿಲ್ಲ. ಅವಳು ವಿವರಿಸಿದಳು. ಅಜ್ಜಿ ಹೋದ ಮೇಲೆ ಅಣ್ಣತಮ್ಮಂದಿರು ಪಾಲಾದರು. ಜಗಳವೇನೂ ಇರಲಿಲ್ಲ. ಊರಿನ ಹಿರಿಯರು ಜಗಲಿಯ ಮೇಲೆ ಕೂತು ಎಲ್ಲವನ್ನೂ ಸಮ ಮಾಡಿದರು: ಹೊಲ ಸಮ, ಹಂಡೆ ಸಮ, ಮಣೆ ಸಮ. ಜೋಡಿಯಾಗಿದ್ದದ್ದನ್ನು ಬಿಡಿಸಿ ಒಂದೊಂದು ಕೊಟ್ಟರು. ಟೀವಿಯ ಮೇಲೆ ಅಜ್ಜಿಯ ಸೀಡಿಗಳಿದ್ದವು. ಎರಡಿವೆ, ಹೆತ್ತ ತಾಯಿಯ ಗುರುತು ಇಬ್ಬರಿಗೂ ಇರಲಿ ಎಂದು ಒಬ್ಬ ಹಿರಿಯರು ಒಂದನೆಯದನ್ನು ಅಪ್ಪನ ಕೈಗೆ, ಎರಡನೆಯದನ್ನು ಚಿಕ್ಕಪ್ಪನ ಕೈಗೆ ಇಟ್ಟರು. ಅಲ್ಲಿದ್ದವರಲ್ಲಿ ಯಾರಿಗೂ ಅದು ವಿಚಿತ್ರವಾಗಿ ಕಾಣಲಿಲ್ಲವಂತೆ. ಹೀಗೆ ಪೂಜೆ ನಮ್ಮ ಮನೆಗೆ ಬಂತು, ಊಟ ಅವರ ಮನೆಗೆ ಹೋಯಿತು.

ಚಿಕ್ಕಪ್ಪ ಈಗ ಲೊಕ್ಕನಹಳ್ಳಿಯ ಕಡೆ ಇದ್ದಾರೆ, ಚಿಕ್ಕಮ್ಮನ ತೌರಿನ ಜಮೀನು ನೋಡಿಕೊಂಡು. ಮುಂದಿನ ಭಾನುವಾರ ಕಂಪ್ಯೂಟರ್ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಹನೂರಿನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯಬೇಕಾಯಿತು. ಟೀ ಕುಡಿದೆ, ನಿಲ್ದಾಣದ ಆ ತುದಿಯಿಂದ ಈ ತುದಿಗೆ ನಡೆದೆ, ಮತ್ತೆ ಟೀ ಕುಡಿದೆ. ಏನು ಸಿಕ್ಕರೆ ನನಗೆ ಸಂತೋಷ ಎಂಬುದೇ ನನಗೆ ಗೊತ್ತಿರಲಿಲ್ಲ. ಅವ್ವನಿಗೆ ಅಪ್ಪನ ದನಿ ಸಿಗಲಿ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆ. ಹಾಗಾದರೆ ನನ್ನ ಕೈಯಿಂದ ಏನು ಹೋಗುತ್ತದೆಂದು ಬಸ್ಸಿನಲ್ಲಿ ಕೂತಾಗ ಯೋಚಿಸದಿರಲು ಕಿಟಕಿಯಾಚೆ ನೋಡಿದೆ.

ಮನೆಯಲ್ಲಿ ಚಿಕ್ಕಮ್ಮ, ಅವರು ಹೊಲದಲ್ಲಿದ್ದಾರೆ ಎಂದರು. ಹೊಲ ಮನೆಯ ಹಿಂದೆಯೇ. ಅದರಾಚೆ ಕಾಡು ಶುರು. ಮುಸುಕಿನ ಜೋಳ ಬಿತ್ತಿದ್ದರು, ಮೊಳಕೆ ಈಗಷ್ಟೇ ಕಾಣುತ್ತಿತ್ತು. ದೂರದಿಂದಲೇ ಬೇಲಿಯುದ್ದಕ್ಕೂ ಏನೋ ಮಿಂಚುವುದು ಕಂಡಿತು. ಹತ್ತಿರ ಹೋದಂತೆ ನನ್ನ ಹೆಜ್ಜೆ ನಿಧಾನವಾಯಿತು. ಗಟ್ಟಿ ದಾರಕ್ಕೆ ಪೋಣಿಸಿದ ಸೀಡಿಗಳು. ಗಾಳಿಗೆ ಒಂದೊಂದೂ ತಿರುಗುತ್ತಾ ಬಿಸಿಲನ್ನು ಹೊಲದ ಮೇಲೆ ಎರಚುತ್ತಿದ್ದವು.

ಚಿಕ್ಕಪ್ಪ ನನ್ನ ಮುಖ ನೋಡಿ, ಇದು ಮೆಚ್ಚುಗೆ ಎಂದುಕೊಂಡರು. ನವಿಲುಗಳ ಕಾಟ, ಮೊಳಕೆಯನ್ನೆಲ್ಲ ಕೆದಕಿ ತಿನ್ನುತ್ತವೆ ಎಂದರು. ಸೀಡಿ ಕಟ್ಟಿದ ಮೇಲೆ ಸ್ವಲ್ಪ ಹೆದರುತ್ತವೆ. ಹಂದಿಗೆ ಮಾತ್ರ ಯಾವ ಭಯವೂ ಇಲ್ಲ, ಅದು ಮದುವೆಗೆ ಬಂದ ಹಾಗೆ ನೇರ ಒಳಗೆ ಬರುತ್ತದೆ ಎಂದರು. ನೆಂಟರ ಮನೆಗಳಿಂದೆಲ್ಲ ಕೇಳಿ ತಂದು ಕಟ್ಟಿದ್ದರಂತೆ.

ಅಜ್ಜಿಯ ಸೀಡಿಯ ಮಾತೆತ್ತಿದೆ.

"ಅದೂ ಇಲ್ಲೇ ಎಲ್ಲೋ ಅದೆ ಕಣ್ಲಾ. ಪ್ಲೇಯರ್ರು ಕೆಟ್ಟೋಯ್ತು, ಬರೀ ಸೀಡಿ ಇಟ್ಕಂಡು ಏನ್ ಮಾಡನ? ನಿಮ್ಮನೇಲಿ ಇನ್ನೊಂದು ಇರ್ತದಲ್ಲ ಅಂದ್ಕಂಡೆ."

ನಮ್ಮ ಮನೆಯಲ್ಲೂ ಅಷ್ಟೇ; ಇನ್ನೊಂದು ಅವರ ಮನೆಯಲ್ಲಿ ಇರುತ್ತದೆಂದು ನಿಶ್ಚಿಂತೆಯಾಗಿದ್ದೆವು.

ಬೇಲಿಯುದ್ದಕ್ಕೂ ನಡೆದೆವು. ಸ್ಕೆಚ್ ಪೆನ್ನಿನ ಅಕ್ಷರ ಒಂದರ ಮೇಲೂ ಉಳಿದಿರಲಿಲ್ಲ. ಹೆಚ್ಚಿನವುಗಳಲ್ಲಿ ಬೆಳ್ಳಿಯ ಪೊರೆ ಎದ್ದುಹೋಗಿ ಬರೀ ಪ್ಲಾಸ್ಟಿಕ್ ಉಳಿದಿತ್ತು; ಎತ್ತಿ ಹಿಡಿದರೆ ಆಚೆಯ ಕಾಡು ಕಾಣುತ್ತಿತ್ತು. ಹುಣಸೆ ಮರದ ನೆರಳಿನಲ್ಲಿದ್ದ ಕೆಲವಕ್ಕೆ ಮಾತ್ರ ಅಂಚಿನಲ್ಲಿ ಹರಿದರೂ ನಡುವೆ ಪೊರೆ ಇತ್ತು. ಅವನ್ನು ಬಿಚ್ಚಿಕೊಳ್ಳಲೇ ಎಂದು ಕೇಳಿದೆ. ಬದಲಿಗೆ ಬೇರೆ ಸೀಡಿ ತಂದುಕೊಡುವುದಾದರೆ ಆಗಬಹುದು, ನವಿಲುಗಳು ಮೇಷ್ಟ್ರು ಅಂತ ನೋಡುವುದಿಲ್ಲ ಎಂದರು. ನನ್ನ ಚೀಲದಲ್ಲಿ ಆಗಲೇ ಇಳಿಸಿಯಾದ ಸೀಡಿಗಳ ಒಂದು ಕಟ್ಟಿತ್ತು, ಅವರಿಗೆ ತೋರಿಸಬೇಕೆಂದು ತಂದಿದ್ದೆ. ಕೊಟ್ಟುಬಿಟ್ಟೆ. ಹೇಗೂ ಎರಡು ಕಡೆ ಪ್ರತಿ ಇತ್ತು.

ಜಗಲಿಗೆ ಬಂದು ಕಂಪ್ಯೂಟರ್ ತೆರೆದು ಆ ದನಿಯನ್ನು ಹಾಕಿದೆ. ಯಾವುದು ಯಾರದು ಎಂದು ಹೇಳಲಿಲ್ಲ. ಕೇಳಿ, ಇದು ಯಾರು ಹೇಳಿ, ಅಷ್ಟೇ ಎಂದೆ. ಚಿಕ್ಕಪ್ಪ ಕಿವಿ ಹತ್ತಿರ ತಂದು ಕೇಳಿದರು. ಮತ್ತೆ ಕೇಳಿದರು.

"ನಂಗೆ ನಂದೇ ಅನ್ನಂಗದೆ ಕಣ್ಲಾ," ಎಂದರು.

ಒಳಗಿನಿಂದ ಚಿಕ್ಕಮ್ಮನ ಮಾತು ಬಂತು. "ನಿಮ್ದಾ? ಬಾವನೋರ್ದು ಅದು. ನೀವಾಗಿದ್ರೆ 'ಸುಮ್ನೆ ಕೂತ್ಕಳ್ರಲಾ' ಅಂತ ಗದರ್ತಿದ್ರಿ. ಅಷ್ಟು ನಯ ಎಲ್ಲದೆ ನಿಮ್ಗೆ?"

"ನಿನ್ನ ಕೇಳ್ದೋರ್ಯಾರು?" ಎಂದು ಒಳಗೆ ಕೂಗಿ, ನನ್ನ ಕಡೆ ತಿರುಗಿ, ಏನೂ ವಿಶೇಷವಿಲ್ಲದ ಹಾಗೆ ಮುಂದುವರಿಸಿದರು. "ಆದ್ರೂ ನಾನೆಲ್ಲಿದ್ದೆ ಅಲ್ಲಿ. ಎಲೆ ತರಕ್ಕೆ ಓದೋನು ನಾನಲ್ವಾ? ನೀನೂ ಬಂದಿದ್ದೆ. ಬರ್ವಾಗ ತೂಕಡಿಸ್ತಿದ್ದೆ, ಎಲ್ಲಿ ಬಿದ್ದೋದನೋ ಕೂಸು ಅಂತ ಟವಲ್ಲಲ್ಲಿ ನನ್ ಸೊಂಟಕ್ಕೆ ಕಟ್ಕಂಡಿದ್ದೆ."

ಇಲ್ಲಿಯವರೆಗೆ ಬರೆಯುವಾಗ ಟವಲಿನ ಮಾತನ್ನು ನಾನು ಎತ್ತಿಲ್ಲ. ಯಾರಿಗೂ ಎತ್ತಿದವನಲ್ಲ. ಬೆನ್ನ ಮೇಲೆ ಬಿಗಿದ ಬಟ್ಟೆಯ ಒತ್ತು, ಅದು ಜೊತೆಗಿದ್ದದ್ದರಿಂದಲೇ ಬಿದ್ದೇನೆಂಬ ಭಯ ಇಲ್ಲದಿದ್ದದ್ದು. ಅದೇ ನನ್ನ ನೆನಪಿನ ತಿರುಳು. ಅಪ್ಪ ನನ್ನನ್ನು ತಮಗೆ ಕಟ್ಟಿಕೊಂಡಿದ್ದರು ಎಂಬುದು. ಅದನ್ನು ಚಿಕ್ಕಪ್ಪ ಕಡಲೆಕಾಯಿ ಬಿಡಿಸುತ್ತಾ ಹೇಳಿ ಮುಗಿಸಿದ್ದರು.

ಎದ್ದು ಅಂಗಳದಲ್ಲಿ ನಿಂತೆ. ನನ್ನ ವಿದ್ಯೆ ಕೂಡಲೇ ಕೆಲಸಕ್ಕೆ ಇಳಿಯಿತು. ಈ ಟವಲಿನ ಕಥೆಯನ್ನು ಚಿಕ್ಕಪ್ಪ ನನ್ನ ಚಿಕ್ಕಂದಿನಲ್ಲಿ ಯಾರ ಮುಂದಾದರೂ ಹೇಳಿ, ನಾನು ಕೇಳಿಸಿಕೊಂಡು, ಅದಕ್ಕೆ ಅಪ್ಪನ ಬೆನ್ನನ್ನು ಹೊಲಿದುಕೊಂಡಿರಬಹುದು. ಅಥವಾ ಅಪ್ಪ ಹೇಳಿದ್ದನ್ನು ಚಿಕ್ಕಪ್ಪ ತಮ್ಮದು ಮಾಡಿಕೊಂಡಿರಬಹುದು. ದನಿಯೂ ತನ್ನದು, ಗಾಡಿಯೂ ತನ್ನದು ಎನ್ನುತ್ತಿರುವ ಮನುಷ್ಯ ಅವರು. ಒಬ್ಬರೇ ಎರಡು ಕಡೆ ಇರಲು ಆಗದೆಂದು ಅವರಿಗೆ ಹೊಳೆದಂತೆಯೇ ಇಲ್ಲ. ಇಂಥ ಸಾಕ್ಷಿಯನ್ನು ಹೇಗೆ ನಂಬುವುದು? ಊಟ ಮಾಡಿಕೊಂಡು ಹೋಗು ಎಂದರು. ಮಾಡಿದೆ. ಏನು ತಿಂದೆನೆಂದು ನೆನಪಿಲ್ಲ.

ಮನೆಗೆ ಬಂದ ಮೇಲೆ ಬೇಲಿಯಿಂದ ಬಿಚ್ಚಿ ತಂದವನ್ನು ತೊಳೆದೆ. ಹಕ್ಕಿಯ ಹಿಕ್ಕೆ, ಕೆಂಪು ಧೂಳು. ಒಂದೊಂದಾಗಿ ಹಾಕಿದೆ. ಡ್ರೈವ್ ತಿರುಗುತ್ತಿತ್ತು, ನರಳುತ್ತಿತ್ತು, ಉಗುಳುತ್ತಿತ್ತು. ಒಂದರಲ್ಲಿ ಯಾರದೋ ನಾಮಕರಣದ ಹಾಡು ಬಂದು ನಿಂತುಹೋಯಿತು. ಕೊನೆಕೊನೆಗೆ ಹಾಕಿದ ಒಂದರಲ್ಲಿ ಹಾಡು ಇರಲಿಲ್ಲ. ಕಾಗೆಯ ಸದ್ದಿತ್ತು.

ಸೀಡಿ ನಡುವಿನಿಂದ ಶುರುವಾಗಿ ಅಂಚಿಗೆ ಓಡುತ್ತದೆ. ಇದರ ಅಂಚು ಹೋಗಿತ್ತು, ನಡು ಉಳಿದಿತ್ತು. ಆದ್ದರಿಂದ ಮೊದಲ ಸ್ವಲ್ಪ ಭಾಗ ಮಾತ್ರ, ಅದೂ ಚೌಕ ಚೌಕವಾಗಿ ಒಡೆಯುತ್ತಾ, ಕಾಣಿಸಿತು. ನಮ್ಮ ಹಳೆಯ ಮನೆಯ ಮುಂದಿನ ಬೀದಿ. ಮೊಪೆಡ್ ಬರುತ್ತಿದೆ. ಮುಂದೆ ಎಲೆಯ ಕಟ್ಟು ಎದೆಯೆತ್ತರಕ್ಕೆ ನಿಂತಿದೆ. ಅದರ ಮೇಲೆ ಒಂದು ಮುಖ, ಕಪ್ಪು ಮೀಸೆ, ಇನ್ನೂ ತೆಳ್ಳಗಿದ್ದ ಚಿಕ್ಕಪ್ಪ. ಅವರ ಸೊಂಟಕ್ಕೆ ಒಂದು ಬಿಳಿ ಬಟ್ಟೆ ಬಿಗಿದಿದೆ. ಹಿಂದೆ ಒಂದು ಸಣ್ಣ ಕಾಲು ನೇತಾಡುತ್ತಿದೆ, ಚಪ್ಪಲಿಯಿಲ್ಲದ್ದು.

ಅವ್ವನನ್ನು ಕರೆದೆ. ಅವಳು ಕೂತು ನೋಡಿದಳು.

"ಅಂಗಾರೆ ಸಾರಿನ ಮಾತು ಅವ್ರೇ ಆಡಿದ್ದು," ಎಂದಳು. ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಅದೇ ಕೆಮ್ಮು, ಅದೇ ಮಾತು ಕೇಳಿತು. ಅದರ ಮೇಲೆ ಅವಳ ದನಿ, ಬೇಳೆ ಬೇಯುವ ಮೊದಲೇ ಜನ ಕೂರಿಸಿದ್ದು ಯಾರು ಎಂದು.

ನಾನು ಕುರ್ಚಿಯಲ್ಲೇ ಇದ್ದೆ. ನನಗೆ ಬೇಕೆನಿಸಿದ್ದನ್ನು ಚಿತ್ರ ನನ್ನಿಂದ ತೆಗೆದುಕೊಂಡಿತ್ತು. ತರಗತಿಯಲ್ಲಿ ಉದಾಹರಣೆಯಾಗಿ ಕೊಡಬಹುದಾದಷ್ಟು ಚೊಕ್ಕವಾಗಿ ತೆಗೆದುಕೊಂಡಿತ್ತು. ಸೇತುವೆಯ ಗಾಳಿ ಇನ್ನೂ ಇದೆ, ಎಲೆಯ ವಾಸನೆ ಇದೆ, ಮುಖ ಒತ್ತಿದ್ದ ಬೆನ್ನು ಮಾತ್ರ ಬೇರೆಯವರದು. ಆ ತುಣುಕನ್ನು ಹಾರ್ಡ್ ಡಿಸ್ಕಿಗೆ ಇಳಿಸಿ, ಮುಚ್ಚಿಬಿಡುವ ಮೊದಲು ಇನ್ನೊಂದು ಸಲ ಓಡಿಸಿದೆ.

ಗಾಡಿ ನಿಂತ ಮೇಲೆ ಚಿತ್ರ ಒಡೆಯುತ್ತದೆ. ಚೌಕಗಳ ನಡುವೆ ಒಂದು ಕ್ಷಣ ಕೂಡಿಕೊಳ್ಳುತ್ತದೆ. ಚಿಕ್ಕಪ್ಪನ ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ಸೊಂಟದ ಗಂಟಿನ ಮೇಲೆ. ಆಗ ಪಕ್ಕದಿಂದ ಬೇರೆ ಎರಡು ಕೈಗಳು ಚಿತ್ರದೊಳಕ್ಕೆ ಬಂದು ನಿದ್ದೆ ಹೋಗಿರುವ ಮಗುವನ್ನು ಕಂಕುಳಿಗೆ ಕೈ ಕೊಟ್ಟು ಎತ್ತಿಕೊಳ್ಳುತ್ತವೆ. ಮುಖ ಕಾಣುವುದಿಲ್ಲ. ಮಗುವಿನ ತಲೆ ಆ ಯಾರದೋ ಹೆಗಲಿಗೆ ವಾಲುತ್ತದೆ, ಚಿತ್ರ ಅಲ್ಲಿಗೆ ನಿಲ್ಲುತ್ತದೆ. ಆ ಗಳಿಗೆಯ ಯಾವ ನೆನಪೂ ನನಗಿಲ್ಲ. ಎತ್ತಿಕೊಂಡ ಕೈಗಳಲ್ಲಿ ಬಲಗೈಯ ಮಣಿಕಟ್ಟಿಗೆ ಒಂದು ಗಡಿಯಾರವಿದೆ.

ಅವ್ವನನ್ನು ಕೇಳಲಿಲ್ಲ. ಕೇಳಿದರೆ ಉತ್ತರದ ಜೊತೆ ಅವಳ ಆಸೆಯೂ ಬೆರೆತು ಬರುತ್ತದೆ. ನನ್ನನ್ನೂ ಕೇಳಿಕೊಳ್ಳಲಿಲ್ಲ. ಮಾರನೆಯ ಮಧ್ಯಾಹ್ನ, ಇಳಿಸಿಟ್ಟ ಮದುವೆಗಳನ್ನೂ ಗೃಹಪ್ರವೇಶಗಳನ್ನೂ ಸದ್ದು ತೆಗೆದು ಮೊದಲಿನಿಂದ ನೋಡಿದೆ. ಅಪ್ಪ ಬಂದಲ್ಲೆಲ್ಲ ನಿಲ್ಲಿಸಿ, ಕೈ ಕಾಣುವವರೆಗೆ ಕಾದು, ಮುಂದೆ ಹೋದೆ. ಅಕ್ಷತೆ ಹಾಕುವಾಗ, ಬಾಗಿಲಲ್ಲಿ ನಿಂತು ಬನ್ನಿ ಬನ್ನಿ ಎನ್ನುವಾಗ, ಯಾರದೋ ಭುಜದ ಮೇಲೆ ಕೈಯಿಟ್ಟಾಗ, ಕೈ ಕಂಡ ಕಡೆಯಲ್ಲೆಲ್ಲ ಅದು ಒಂದೇ ರೀತಿ ಇತ್ತು. ಅಪ್ಪ ಗಡಿಯಾರವನ್ನು ಬಲಗೈಗೆ ಕಟ್ಟುತ್ತಿದ್ದರು.